ತಾನೇ ಓಡುವ ಕಾರಲ್ಲಿ ಕೂತು ಆಫೀಸ್ ಕೆಲಸ ಮಾಡಬಹುದಾ?

ಉಡುಪಿಯಿಂದ ಮಂಗಳೂರಿಗೆ ದಿನಾ ಓಡಾಡುವವರು ಡ್ರೈವರ್ ಇಲ್ಲದ ಕಾರಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೆಲಸ ಮುಗಿಸಬಹುದಾ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ಎಲ್ಲ ಕೆಲಸವೂ ಅಲ್ಲ.

ದೊಡ್ಡ ತೊಡಕು ತಲೆಸುತ್ತು, ವಾಕರಿಕೆ. ಕಣ್ಣು ಸ್ಕ್ರೀನ್ ಮೇಲಿರುತ್ತದೆ, ಅದಕ್ಕೆ ಎಲ್ಲವೂ ನಿಂತ ಹಾಗೆ ಕಾಣುತ್ತದೆ. ಒಳಕಿವಿಗೆ ಮಾತ್ರ ತಿರುವು, ಬ್ರೇಕ್ ಎಲ್ಲ ಗೊತ್ತಾಗುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಸ್ಟೇರಿಂಗ್ ಹಿಡಿದವರಿಗೆ ಈ ಕಾಟ ಕಡಿಮೆ, ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ ಅಲ್ವಾ? ತಾನೇ ಓಡುವ ಕಾರಿನಲ್ಲಿ ಎಲ್ಲರೂ ಪ್ರಯಾಣಿಕರೇ. ಹೆದ್ದಾರಿ 66ರಲ್ಲಿ ಹೇಗೋ ಸಾಗೀತು. ಆಗುಂಬೆ ಘಾಟಿ ಹತ್ತುವಾಗ ಎಕ್ಸೆಲ್ ಶೀಟ್ ತೆರೆದರೆ ಬೆಳಗ್ಗೆ ತಿಂದ ಗೋಳಿಬಜೆ ಹೊರಗೆ ಬಂದೀತು.

ಹಾಗಾಗಿ ಸ್ಕ್ರೀನನ್ನು ತೊಡೆ ಮೇಲೆ ಇಡಬೇಡಿ. ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ಅಂಚಿನಾಚೆ ರಸ್ತೆ ಕಾಣುತ್ತಿರಲಿ. ಮುಂದಕ್ಕೆ ಮುಖ ಮಾಡಿ ಕೂರಿ. ಓದುವ, ಟೈಪ್ ಮಾಡುವ ಕೆಲಸಕ್ಕಿಂತ ಫೋನ್ ಮಾತುಕತೆ, ಬಾಯಲ್ಲಿ ಹೇಳಿ ಬರೆಸುವುದು ಒಳ್ಳೆಯದು. ನನ್ನ ಕೇಳಿದರೆ, ಮೂಲ್ಕಿ ಬಂದಾಗ ಹೊಳೆ ನೋಡಿ, ಇಲ್ಲವೇ ಸುಮ್ನೆ ಕಣ್ಣು ಮುಚ್ಚಿ. ಅದೂ ಲಾಭವೇ.

ಅಂದ ಹಾಗೆ, ನಮ್ಮಲ್ಲಿ ಈಗ ಮಾರುವ ‘ಅಡಾಸ್’ (ಡ್ರೈವರ್‌ಗೆ ನೆರವಾಗುವ ತಂತ್ರಜ್ಞಾನದ) ಕಾರುಗಳು ಹೆಚ್ಚೆಂದರೆ 2ನೇ ಹಂತದವು, ಅಂದರೆ ಸ್ಟೇರಿಂಗ್, ಬ್ರೇಕ್‌ಗೆ ನೆರವಾಗುತ್ತವೆ ಅಷ್ಟೇ, ತಾವೇ ಓಡುವುದಿಲ್ಲ. ಅವುಗಳಲ್ಲಿ ಡ್ರೈವರ್ ಕಣ್ಣು ರಸ್ತೆ ಮೇಲೇ ಇರಬೇಕು. ಅಮೆರಿಕದ ಫೀನಿಕ್ಸ್‌ನಲ್ಲಿ ಡ್ರೈವರ್ ಇಲ್ಲದ ವೇಮೊ ಟ್ಯಾಕ್ಸಿ 2020ರಿಂದಲೇ ಜನರಿಗೆ ಸಿಗುತ್ತಿದೆ. ಅಂಥದ್ದು ಇಲ್ಲಿ ಬರುವ ತನಕ ಲ್ಯಾಪ್‌ಟಾಪ್ ತೆಗೆಯುವುದಾದರೆ ಎಕ್ಸ್‌ಪ್ರೆಸ್ ಬಸ್ಸಿನ ಸೀಟೇ ಗತಿ.