ಜಾಮೀನು ಸಿಕ್ಕಿದೆ, ತಮ್ಮ ಮಾತ್ರ ಹೊರಗೆ ಬಂದಿಲ್ಲ

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಹೊಡೆದಾಟದ ಕೇಸಿನಲ್ಲಿ ಒಳಗಿದ್ದಾನೆ. 50,000 ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬರ ಶ್ಯೂರಿಟಿ ಅಂತ ಕೋರ್ಟ್ ಜಾಮೀನು ಕೊಟ್ಟು 12 ದಿನ ಆಯ್ತು. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಸೋದರಮಾವನಿಗೆ ಹಾವೇರಿ ಹತ್ತಿರ ಎರಡು ಎಕರೆ ಇದೆ, ಆದರೆ ಬೇರೆ ಜಿಲ್ಲೆಯ ಪಹಣಿ ನಡೆಯಲ್ಲ ಅಂತಾರೆ. ಕೋರ್ಟ್ ಹತ್ತಿರ ಸಿಕ್ಕ ಒಬ್ಬರು 15,000 ಕೊಟ್ಟರೆ ಶ್ಯೂರಿಟಿ ತಾವೇ ತರುತ್ತಾರಂತೆ. ಕೊಡಲಾ?

ಉತ್ತರ: ಕೊಡಬೇಡಿ. ಮೊದಲು ತಲೆ ಮೇಲಿನ ಒಂದು ಭಾರ ಇಳಿಸಿಕೊಳ್ಳಿ. ಆ 50,000 ಈಗ ಯಾರೂ ಕಟ್ಟಬೇಕಾದ ದುಡ್ಡಲ್ಲ. ಬಾಂಡ್ ಅಂದ್ರೆ ಬರೆದುಕೊಡುವ ಮಾತು. ಕರೆದ ದಿನ ಬರ್ತೀನಿ, ಬರದಿದ್ದರೆ ಇಷ್ಟು ಕಟ್ತೀನಿ ಅಂತ ತಮ್ಮ ಬರೆದುಕೊಡುತ್ತಾನೆ. ಅವನು ಬರದಿದ್ದರೆ ನಾನು ಕಟ್ತೀನಿ ಅಂತ ಮಾವ ಬರೆದುಕೊಡುತ್ತಾರೆ. ಪ್ರತಿ ತಾರೀಖಿಗೂ ತಮ್ಮ ಹಾಜರಾದರೆ ಆ ಮೊತ್ತದಲ್ಲಿ ಒಂದು ಪೈಸೆಯೂ ಯಾರ ಜೇಬಿನಿಂದಲೂ ಹೋಗುವುದಿಲ್ಲ.

ಇನ್ನು ಪಹಣಿ ವಿಷಯ. ಬೇರೆ ಜಿಲ್ಲೆಯದು ನಡೆಯಲ್ಲ ಅನ್ನೋ ಮಾತು ಕೋರ್ಟ್ ಕಾರಿಡಾರಿನಲ್ಲಿ ಎಷ್ಟು ಹಳೆಯದೋ, ಅದಕ್ಕೆ ಉತ್ತರವೂ ಅಷ್ಟೇ ಹಳೆಯದು. ಮಧ್ಯಪ್ರದೇಶದಲ್ಲಿ ಮೋತಿರಾಮ್ ಅಂತ ಒಬ್ಬ ಗಾರೆ ಕೆಲಸದವ. 10,000 ರೂಪಾಯಿಗೆ ಶ್ಯೂರಿಟಿ ಕೇಳಿದರು, ಅಣ್ಣತಮ್ಮಂದಿರಲ್ಲಿ ಒಬ್ಬ ನಿಲ್ಲೋಕೆ ಬಂದರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೀ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಅವನನ್ನು ಬಿಡಿಸಿದರು. ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದ ಕನ್ನಡಿಗ ಏನು ಮಾಡಬೇಕು ಅಂತ ಆ ತೀರ್ಪಿನಲ್ಲೇ ಕೇಳಿದ್ದಾರೆ! ನಿಮ್ಮದು ಹಾವೇರಿ, ಒಂದೇ ರಾಜ್ಯ. ಆದೇಶದಲ್ಲಿ 'ಸ್ಥಳೀಯ ಶ್ಯೂರಿಟಿ' ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಆ ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಬಹುದು, ಬರೆದಿಲ್ಲದಿದ್ದರೆ ಮಾವನನ್ನು ಕರ್ಕೊಂಡು ಬನ್ನಿ.

ಹೊಸದಾಗಿ ತೆಗೆಸಿದ ಪಹಣಿ, ಆಧಾರ್, ಫೋಟೋ ಇರಲಿ. ಪಹಣಿಯ 11ನೇ ಕಾಲಂನಲ್ಲಿ ದೊಡ್ಡ ಬ್ಯಾಂಕ್ ಸಾಲ ಇದ್ದರೆ ವಕೀಲರಿಗೆ ಮೊದಲೇ ಹೇಳಿ. ಎಷ್ಟು ಎಕರೆ, ಏನು ಬೆಳೀತೀರಿ, ಆರೋಪಿ ನಿಮಗೇನಾಗಬೇಕು ಅಂತ ನ್ಯಾಯಾಧೀಶರು ಮಾವನನ್ನೇ ಕೇಳುತ್ತಾರೆ. ಈ ಹಿಂದೆ ಎಷ್ಟು ಜನಕ್ಕೆ ಶ್ಯೂರಿಟಿ ನಿಂತಿದ್ದೀರಿ ಅನ್ನೋದನ್ನೂ ಬರೆದುಕೊಡಬೇಕು. ದುಡ್ಡು ತಗೊಂಡು ನಿಲ್ಲುವ ಬಾಡಿಗೆ ಶ್ಯೂರಿಟಿ ಎಡವೋದು ಇಲ್ಲೇ. ಒಮ್ಮೆ ನನ್ನ ಕಣ್ಣೆದುರೇ ಒಬ್ಬ ಅಜ್ಜ, ಆರೋಪಿ ಹೆಸರೇನು ಅಂದರೆ ಅಂಗೈ ತಿರುಗಿಸಿ ನೋಡಿಕೊಂಡರು. ಪೆನ್ನಿನಲ್ಲಿ ಬರೆದುಕೊಂಡಿದ್ದು ಬೆವರಿಗೆ ಅಳಿಸಿಹೋಗಿತ್ತು. ದಾಖಲೆ ನಕಲಿ ಅಂತಾದರೆ ಅವರ ಮೇಲೆ ಬೇರೆ ಕೇಸು, ನಿಮ್ಮ ತಮ್ಮನ ಜಾಮೀನಿಗೂ ಕುತ್ತು.

ಮಾವ ಒಪ್ಪದಿದ್ದರೂ ದಾರಿ ಇದೆ. ಶ್ಯೂರಿಟಿ ಬದಲು ನಗದು ಠೇವಣಿಗೆ ಅವಕಾಶ ಕೊಡಿ ಅಂತ ಕೇಳಬಹುದು. ರಸೀದಿ ಜೋಪಾನ, ಕೇಸು ಮುಗಿದ ಮೇಲೆ ದುಡ್ಡು ವಾಪಸ್ ಪಡೆಯೋಕೆ ಅದೇ ಬೇಕು. ಅದೂ ಆಗದಿದ್ದರೆ ಮೊತ್ತ ಇಳಿಸಿ ಅಂತ ಕೇಳಿ. ಜಾಮೀನು ಸಿಕ್ಕಿ ಏಳು ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ನೋಡಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ನಿಮಗೆ 12 ದಿನ ಆಗಿದೆಯಲ್ಲ, ಸುಮ್ನೆ ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಪ್ರಶ್ನೆ: ಗೆಳೆಯನಿಗೆ ಶ್ಯೂರಿಟಿ ನಿಂತಿದ್ದೆ. ಎರಡು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಬಿಡಿಸಿಕೊಳ್ಳಬಹುದಾ?

ಉತ್ತರ: ಬಿಡಿಸಿಕೊಳ್ಳಬಹುದು, ಯಾವಾಗ ಬೇಕಾದರೂ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು, ನಾಗರಿಕ ಸುರಕ್ಷಾ ಸಂಹಿತೆ, ಅದರ 489ನೇ ಕಲಂ ಇರುವುದೇ ಅದಕ್ಕೆ. ಆದರೆ ಅರ್ಜಿ ಕೊಟ್ಟ ತಕ್ಷಣ ನೀವು ಆರಾಮ ಅಲ್ಲ. ಅವನನ್ನು ಹಿಡಿದು ತರೋಕೆ ಕೋರ್ಟ್ ವಾರಂಟ್ ಹೊರಡಿಸುತ್ತದೆ, ಅವನು ಬಂದ ಮೇಲೆ ನಿಮ್ಮ ಬಾಂಡ್ ರದ್ದಾಗುತ್ತದೆ, ಬೇರೆ ಶ್ಯೂರಿಟಿ ಕೊಡದಿದ್ದರೆ ಅವನು ಮತ್ತೆ ಒಳಗೆ. ಅಷ್ಟರೊಳಗೆ ಅವನು ತಾರೀಖು ತಪ್ಪಿಸಿಕೊಂಡು ಬಾಂಡ್ ಮುಟ್ಟುಗೋಲಾದರೆ ದಂಡ ಯಾಕೆ ಕಟ್ಟಬಾರದು ಅಂತ ನಿಮಗೇ ನೋಟಿಸ್ ಬರುತ್ತದೆ. ಕಾರಣ ಹೇಳಿ ಕೇಳಿಕೊಂಡರೆ ಕೋರ್ಟ್ ದಂಡ ಕಡಿಮೆ ಮಾಡಬಹುದು, ಆದರೆ ಅಲ್ಲಿವರೆಗೆ ಯಾಕೆ ಹೋಗಬೇಕು? ಮುಂದಿನ ತಾರೀಖು ಯಾವತ್ತು ಅಂತ ಇ-ಕೋರ್ಟ್ಸ್ ಆ್ಯಪಿನಲ್ಲಿ ಇವತ್ತೇ ನೋಡಿ, ಅದಕ್ಕೆ ಮೊದಲೇ ಅರ್ಜಿ ಹಾಕಿ.