ನೋವು ಬರೋ ಮೊದಲೇ ಕೊಡಬೇಕಾದ ಮಾತ್ರೆ: ಮಾರ್ಫಿನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಕುಮಟಾದಿಂದ ಬಂದ್ರೂ ಅದೇ, ಮುಂಡಗೋಡದಿಂದ ಬಂದ್ರೂ ಅದೇ, ಕ್ಯಾನ್ಸರಿನ ಜೋರು ನೋವಿಗೆ ಕೊಡೋ ಮಾರ್ಫಿನ್ ಕೊಟ್ರೆ ಚಟ ಆಗಲ್ವಾ ಅಂತ. ಶಿರಸಿ ಸುತ್ತಮುತ್ತ ಮನೆಮನೆಗೆ ಹೋಗಿ ಕ್ಯಾನ್ಸರ್ ಪೇಶಂಟ್ ನೋಡ್ಕೊಳ್ಳೋ ನರ್ಸ್ ನಾನು, ಎಷ್ಟು ಮನೆ ಜಗಲಿ ಮೇಲೆ ಕೂತು ಇದಕ್ಕೆ ಉತ್ತರ ಹೇಳಿದೀನೋ ಲೆಕ್ಕ ಇಟ್ಟಿಲ್ಲ, ಈಗ ಒಂದ್ಸಲ ಉದ್ದಕ್ಕೆ ಬರೆದೇ ಬಿಡ್ತೀನಿ. ಡೋಸ್ ಎಷ್ಟು ಅನ್ನೋದು ನಿಮ್ಮ ಡಾಕ್ಟರ್ ಕೆಲಸ, ಅದರ ಬಗ್ಗೆ ನನ್ನ ಕೇಳಬೇಡಿ. ಬರೆದ ಡೋಸ್ ಸರಿಯಾದ ಹೊತ್ತಿಗೆ ಪೇಶಂಟ್ ಹೊಟ್ಟೆಗೆ ಹೋಗೋ ಹಾಗೆ ನೋಡ್ಕೊಳ್ಳೋದು ನನ್ನ ಮತ್ತು ನಿಮ್ಮ ಕೆಲಸ.

ಪ್ರಶ್ನೆ: ನಮ್ಮ ಮಾವನವರಿಗೆ ಬಾಯಿ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ರೇಡಿಯೇಷನ್ ಆಗಿದೆ. ಮಾರ್ಫಿನ್ 10 ಎಂಜಿ ಮಾತ್ರೆ 4 ತಾಸಿಗೊಮ್ಮೆ ಕೊಡಿ ಅಂದಿದ್ದಾರೆ. ಅಭ್ಯಾಸ ಆಗಿಬಿಡುತ್ತೆ ಅಂತ ಎಲ್ಲರೂ ಹೆದರಿಸಿದ್ರು, ಅದಕ್ಕೆ ತೀರಾ ತಡೆಯೋಕೆ ಆಗದಿದ್ದಾಗ ಅರ್ಧ ಮಾತ್ರೆ ಕೊಡ್ತಾ ಇದೀವಿ. ಆದ್ರೂ ನೋವು ಇಳೀತಿಲ್ಲ, ದಿನವಿಡೀ ಮಾತ್ರೆ ಮಾತ್ರೆ ಅಂತಾರೆ. ಚಟ ಹತ್ತಿಬಿಡ್ತಾ? (ಸಿದ್ದಾಪುರ ಕಡೆಯಿಂದ ಒಬ್ಬರು)

ತಂಗಿ, ಚಟ ಹತ್ತಿಲ್ಲ, ಅವರಿಗೆ ನೋವಾಗ್ತಿದೆ. ಮಾತ್ರೆ ಕೇಳೋ ಹಾಗೆ ಮಾಡಿರೋದು ನೀವು ಮಾತ್ರೆ ಕೊಡ್ತಿರೋ ರೀತಿ.

ಲೆಕ್ಕ ಹಾಕಿ ನೋಡಿ. ಈ ಮಾತ್ರೆ ನುಂಗಿದ ಮೇಲೆ ಕೆಲಸ ಶುರು ಮಾಡೋಕೆ ಅರ್ಧ ತಾಸು, ಪೂರ್ತಿ ಹಿಡಿಯೋಕೆ ಹತ್ತಿರ ಹತ್ತಿರ ಒಂದು ತಾಸು ಬೇಕು, ಸುಮಾರು 4 ತಾಸಿಗೆ ಅದರ ಕೆಲಸ ಮುಗೀತು. ಅವರು ನರಳೋ ತನಕ ನೀವು ಕಾಯ್ತೀರಿ, ಆಮೇಲೂ ಇರಲಿ ನೋಡೋಣ ಅಂತ ಇನ್ನೂ ಸ್ವಲ್ಪ ಕಾಯ್ತೀರಿ, ಕೊನೆಗೆ ಅರ್ಧ ಕೊಡ್ತೀರಿ, ಅದು ಹಿಡಿಯೋ ಹೊತ್ತಿಗೆ ನೋವು ತಲೆಗೇರಿ ಕೂತಿರುತ್ತೆ, ಆ ನೋವನ್ನ ಇಳಿಸೋಕೆ ಅರ್ಧ ಮಾತ್ರೆ ಸಾಲಲ್ಲ, ಪೂರ್ತಿ ಮಾತ್ರೆನೂ ಕೆಲವು ಸಲ ಸಾಲಲ್ಲ. ಹೀಗೆ ನಾಲ್ಕು ದಿನ ಆದ್ರೆ ಯಾರೇ ಆಗಲಿ ಗಡಿಯಾರ ನೋಡ್ತಾ ಕೂರ್ತಾರೆ, ಬೇಡ್ತಾರೆ, ಸಿಟ್ಟು ಮಾಡ್ತಾರೆ. ಅದನ್ನ ನೋಡಿ ಊರವರು ಚಟ ಅಂತಾರೆ, ನೀವು ಇನ್ನೂ ಕಮ್ಮಿ ಕೊಡ್ತೀರಿ.

ಯಲ್ಲಾಪುರದ ಕಡೆ ಒಂದು ಮನೆ. ಅಜ್ಜ ಗೋಡೆಗೆ ಒರಗಿ ಕೂತಿದ್ರು, ಮಲಗಿದ್ರೆ ನೋವು ಜಾಸ್ತಿ ಅಂತ ಮೂರು ರಾತ್ರಿ ಕೂತೇ ಕಳೆದಿದ್ರಂತೆ, ದವಡೆಗೆ ಟವೆಲ್ ಬಿಗಿಯಾಗಿ ಕಟ್ಕೊಂಡಿದ್ರು. ಮಾತ್ರೆ ಎಲ್ಲಿ ಅಂದೆ. ಸೊಸೆ ಒಳಗೆ ಹೋಗಿ ಅಕ್ಕಿ ಡಬ್ಬದಲ್ಲಿ ಕೈ ಹಾಕಿ ಒಂದು ಪೇಪರ್ ಪೊಟ್ಟಣ ತಂದ್ಲು, ಅದರಲ್ಲಿ 11 ಅರ್ಧ ಮಾತ್ರೆ, ಅಂಚೆಲ್ಲ ಪುಡಿಯಾಗಿ ಪೇಪರಿಗೆ ಅಂಟಿತ್ತು. ಅಜ್ಜನೇ ತಗೊಂಡುಬಿಟ್ರೆ ಅಂತ ಅಡಗಿಸಿಟ್ಟಿದ್ದು. ಅವಳನ್ನ ಬೈಯೋಕೆ ಮನಸ್ಸು ಬರಲಿಲ್ಲ, ಅವಳೂ ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಅದೇ ಮಾತ್ರೆ, ಅದೇ ಡೋಸ್, ಹೊತ್ತು ತಪ್ಪದ ಹಾಗೆ ಶುರು ಮಾಡಿಸಿದೆ, ಬೇರೇನೂ ಮಾಡಲಿಲ್ಲ. ಮೂರನೇ ದಿನ ಹೋದಾಗ ಅಜ್ಜ ಜಗಲಿಯಲ್ಲಿ ಕೂತು ಅಡಕೆ ಸುಲಿಯೋರ ಹತ್ರ ಮಾತಾಡ್ತಿದ್ರು, ಟವೆಲ್ ಹೆಗಲ ಮೇಲಿತ್ತು.

ಹಾಗಾಗಿ ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನೋವು ಇರಲಿ ಇಲ್ಲದಿರಲಿ ಕೊಡಿ, ನೋವಿಲ್ಲ ಅಂದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ, ಬೇಡ ಅಂತ ಅಲ್ಲ. ರಾತ್ರಿ 2 ಗಂಟೆಗೆ ಎಬ್ಬಿಸೋದು ಬೇಡ ಅಂತ ತುಂಬಾ ಡಾಕ್ಟರ್‌ಗಳು 10 ಗಂಟೆಗೇ ಎರಡು ಡೋಸ್ ಬರೀತಾರೆ. ಚೀಟಿಯಲ್ಲಿ ಹಾಗೆ ಬರೆದಿದ್ರೆ ಮಾತ್ರ ಹಾಗೆ ಕೊಡಿ, ನೀವಾಗೇ ಡಬಲ್ ಮಾಡಬೇಡಿ, ಬರೆದಿಲ್ಲ ಅಂದ್ರೆ 2 ಗಂಟೆಗೂ ಕೊಡಬೇಕು. ಮಧ್ಯೆ ನೋವು ಎದ್ರೆ ಎಕ್ಸ್‌ಟ್ರಾ ಡೋಸ್ ಎಷ್ಟು ಅಂತ ಮೊದಲೇ ಕೇಳಿ ಬರೆಸ್ಕೊಳ್ಳಿ, ಸಾಮಾನ್ಯವಾಗಿ ಇಡೀ ದಿನದ್ದರ ಆರನೇ ಒಂದು ಭಾಗ ಇರುತ್ತೆ. ಎಕ್ಸ್‌ಟ್ರಾ ಕೊಟ್ರಿ ಅಂತ ಮುಂದಿನ ಹೊತ್ತಿನ ಮಾತ್ರೆ ತಪ್ಪಿಸಬೇಡಿ. ಒಂದು ಶಾಲೆ ನೋಟ್‌ಬುಕ್ಕಲ್ಲಿ ಗಂಟೆ, ಮಾತ್ರೆ, ಹತ್ತು ಅಂಕಕ್ಕೆ ನೋವು ಎಷ್ಟು, ಸಂಡಾಸ್ ಆಯ್ತಾ, ಇಷ್ಟು ಬರೀತಾ ಹೋಗಿ, ಡೋಸ್ ಏರಿಸ್ಬೇಕಾ ಇಳಿಸ್ಬೇಕಾ ಅಂತ ಡಾಕ್ಟರಿಗೆ ಗೊತ್ತಾಗೋದು ಅದರಿಂದಲೇ. ಬಾಯಿ ಕ್ಯಾನ್ಸರ್‌ನವರಿಗೆ ನುಂಗೋಕೆ ಆಗದಿದ್ರೆ ಈ ಸಾದಾ ಮಾತ್ರೆನ ಪುಡಿ ಮಾಡಿ ನೀರಲ್ಲಿ ಕದಡಿ ಕೊಡಬಹುದು, ಮೂಗಿನ ನಳಿಗೆಯಲ್ಲೂ ಹಾಕಬಹುದು. ಆದ್ರೆ 12 ತಾಸಿಗೊಮ್ಮೆ ಕೊಡೋ, ಔಷಧಿ ನಿಧಾನಕ್ಕೆ ಬಿಡೋ ಎಸ್‌ಆರ್ ಮಾತ್ರೆ ಇದ್ಯಲ್ಲ, ಅದನ್ನ ಯಾವತ್ತೂ ಪುಡಿ ಮಾಡಬಾರದು, 12 ತಾಸಿನ ಔಷಧಿ ಒಂದೇ ಸಲ ಮೈಗೆ ಸೇರಿಬಿಡುತ್ತೆ.

ಸಂಡಾಸ್ ವಿಷಯ ಹೇಳೋಕೆ ನಾಚಿಕೆ ಪಡ್ತೀರಿ, ನಾನೇ ಹೇಳ್ತೀನಿ. ವಾಕರಿಕೆ ಒಂದು ವಾರದಲ್ಲಿ ಹೋಗುತ್ತೆ, ಮಂಪರು ಎರಡು ಮೂರು ದಿನದಲ್ಲಿ ಕಮ್ಮಿ ಆಗುತ್ತೆ, ಮಲಬದ್ಧತೆ ಮಾತ್ರ ಮಾತ್ರೆ ಇರೋ ತನಕ ಇರುತ್ತೆ. ಮೊದಲ ದಿನದಿಂದಲೇ ಡಾಕ್ಟರ್ ಬರೆದ, ಸಂಡಾಸ್ ಮಾಡಿಸೋ ಬಿಸಾಕೋಡಿಲ್ ಥರದ ಮಾತ್ರೆ ದಿನಾ ರಾತ್ರಿ ಹೋಗಬೇಕು. ಇಸಬ್ಗೋಲ್ ಸಾಲಲ್ಲ, ನೀರು ಕಮ್ಮಿ ಕುಡಿಯೋ ಪೇಶಂಟಿಗೆ ಅದು ಒಳಗೇ ಗಟ್ಟಿಯಾಗಿ ಕೂರುತ್ತೆ. 3 ದಿನ ಸಂಡಾಸ್ ಆಗಿಲ್ಲ ಅಂದ್ರೆ ಫೋನ್ ಮಾಡಿ. ನಾಲ್ಕೈದು ದಿನ ಕಟ್ಟಿ ಆಮೇಲೆ ನೀರು ನೀರಾಗಿ ಸೋರೋಕೆ ಶುರುವಾದ್ರೆ ಭೇದಿ ಅಂದ್ಕೊಂಡು ಔಷಧಿ ನಿಲ್ಲಿಸಬೇಡಿ, ಗಟ್ಟಿ ಮಲದ ಪಕ್ಕದಿಂದ ಇಳೀತಿರೋ ನೀರು ಅದು.

ಭಯ ಪಡಬೇಕಾದ್ದು ಯಾವಾಗ ಅಂದ್ರೆ, ಕರೆದ್ರೆ, ಅಲುಗಾಡಿಸಿದ್ರೆ ಎಚ್ಚರ ಆಗದಿದ್ದಾಗ, ಉಸಿರು ಗೊರಗೊರ ಅಂತಾ ನಿಧಾನ ಆದಾಗ, ಕಣ್ಣಿನ ಪಾಪೆ ಸಾಸಿವೆ ಹಾಗೆ ಚಿಕ್ಕದಾದಾಗ. ಆಗ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ. ಕಿಡ್ನಿ ತೊಂದರೆ ಇರೋರಲ್ಲಿ, ಊಟ ನೀರು ಬಿಟ್ಟು ಉಚ್ಚೆ ಕಮ್ಮಿ ಆದವರಲ್ಲಿ ಔಷಧಿ ಮೈಯಲ್ಲಿ ಉಳ್ಕೊಳ್ಳುತ್ತೆ, ಅವರ ಮೇಲೆ ಎರಡು ಕಣ್ಣಿಟ್ಟಿರಿ. ನಿದ್ದೆ ಮಾತ್ರೆ, ಸಾರಾಯಿ ಇದರ ಜೊತೆ ಬೇಡ. ನೋವು ತಿಂದು ನಿದ್ದೆಗೆಟ್ಟವರು ಮೊದಲ ಎರಡು ದಿನ ಗಾಢ ನಿದ್ದೆ ಮಾಡ್ತಾರೆ, ಕರೆದ್ರೆ ಹೂಂ ಅಂತಾರೆ ಅಂದ್ರೆ ಗಾಬರಿ ಬೇಡ.

ಇನ್ನು ಚಟದ ಮಾತು. ಚಟ ಅಂದ್ರೆ ಕೆಡುಕಾಗ್ತಿದೆ ಅಂತ ಗೊತ್ತಿದ್ರೂ ಔಷಧಿ ಹಿಂದೆ ಬೀಳೋದು. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಹಾಗೆ ತಗೊಳ್ಳೋರಲ್ಲಿ ಅದು ಅಪರೂಪ. ಮೈ ಒಗ್ಗಿಕೊಳ್ಳೋದು ಬೇರೆ, ಅದು ಎಲ್ಲರಿಗೂ ಆಗುತ್ತೆ, ಅದಕ್ಕೇ ಇದನ್ನ ಒಂದೇ ಸಲ ನಿಲ್ಲಿಸಬಾರದು. ರೇಡಿಯೇಷನ್‌ನಿಂದ ನೋವು ಇಳಿದ್ರೆ ಡೋಸನ್ನ ಸ್ವಲ್ಪ ಸ್ವಲ್ಪವೇ ಇಳಿಸಿ ಪೂರ್ತಿ ಬಿಡಿಸಿದ್ದೂ ಇದೆ. ಇಲ್ಲೇ ನನಗೆ ನಮ್ಮ ಕಡೆಯ ಕೆಲವು ಮದ್ದು ಕೊಡೋರ ಮೇಲೆ ಕೆಟ್ಟ ಸಿಟ್ಟು ಬರೋದು. ಇಂಗ್ಲಿಷ್ ಮಾತ್ರೆ ಬಿಟ್ರೆ ಮಾತ್ರ ನನ್ನ ಬೇರು ಹಿಡಿಯುತ್ತೆ ಅಂತಾರೆ, ಮನೆಯವರು ನಂಬಿ ಮಾರ್ಫಿನ್ ನಿಲ್ಲಿಸ್ತಾರೆ, ಮರುದಿನ ಪೇಶಂಟಿಗೆ ಬೆವರು, ಭೇದಿ, ಚಡಪಡಿಕೆ, ಮೂಗು ಸೋರೋದು, ಅದರ ಮೇಲೆ ಹಳೇ ನೋವು. ಕೇಳಿದ್ರೆ ಒಳಗಿನ ವಿಷ ಹೊರಗೆ ಬರ್ತಿದೆ ಅಂತಾರೆ! ಅದು ವಿಷ ಅಲ್ಲ, ಔಷಧಿ ಥಟ್ಟನೆ ನಿಲ್ಲಿಸಿದ್ದರ ಸಂಕಟ. ನಿಮಗೆ ನಂಬಿಕೆ ಇದ್ರೆ ಹರಕೆ ಹೊರಿ, ಮಾರಿಕಾಂಬೆಗೆ ಉಡಿ ತುಂಬಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಮಾರ್ಫಿನ್ ಬರೆದ್ರು ಅಂದ್ರೆ ಕೊನೆಗಾಲ ಬಂತು ಅಂತಲೇ? (ಅಂಕೋಲಾ)

ಅಲ್ಲ. ನೋವು ಜಾಸ್ತಿ ಇದೆ ಅಂತ ಅಷ್ಟೇ. ತಿಂಗಳುಗಟ್ಟಲೆ ತಗೊಂಡು ಓಡಾಡ್ಕೊಂಡಿರೋರಿದ್ದಾರೆ.

ಪ್ರಶ್ನೆ: ನಾನು ಸ್ಟಾಫ್ ನರ್ಸ್, ಕೆಲಸಕ್ಕೆ ಸೇರಿ ಒಂದು ವರ್ಷ. ಉಸಿರು ನಿಮಿಷಕ್ಕೆ 12 ಇದ್ರೆ ಮಾರ್ಫಿನ್ ಇಂಜೆಕ್ಷನ್ ನಿಲ್ಲಿಸ್ಬೇಕಾ? (ಕಾರವಾರ)

ಪೇಶಂಟ್ ಎಚ್ಚರವಾಗಿ ಮಾತಾಡ್ತಿದ್ದು 12 ಇದ್ರೆ ನಿಲ್ಲಿಸೋ ಕಾರಣ ಇಲ್ಲ. ಉಸಿರು ಇಳಿಯೋ ಮೊದಲು ಎಚ್ಚರ ಇಳಿಯುತ್ತೆ, ಅದಕ್ಕೆ ಮೊದಲು ಹೆಸರು ಹಿಡಿದು ಕರೆದು ನೋಡು, ಆಮೇಲೆ ಉಸಿರು ಎಣಿಸು. 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸೋದಲ್ಲ, ಹೊಟ್ಟೆ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ. ನಾನು ಹೊಸದರಲ್ಲಿ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವಾಗ ಹೀಗೇ ಹೆದರಿ, ಡಾಕ್ಟರನ್ನೂ ಕೇಳದೆ, ಒಬ್ಬ ಹೆಂಗಸಿಗೆ 2 ಗಂಟೆ ಡೋಸ್ ತಪ್ಪಿಸಿದ್ದೆ, ಬೆಳಗಿನ ತನಕ ಆಕೆ ಮಂಚದ ಸರಳು ಹಿಡ್ಕೊಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಬ್ಬಿಸಿದ್ರೂ ಏಳದೆ ಉಸಿರು 8ಕ್ಕಿಂತ ಕೆಳಗೆ ಹೋದ್ರೆ ಡೋಸ್ ನಿಲ್ಲಿಸು, ಆಕ್ಸಿಜನ್ ಹಾಕು, ಡಾಕ್ಟರನ್ನ ಕರಿ, ಮಾರ್ಫಿನ್ ಕೆಲಸ ತಡೆಯೋ ನಲೋಕ್ಸೋನ್ ಇಂಜೆಕ್ಷನ್ ತೆಗೆದಿಡು. ಇಂಥ ಪೇಶಂಟಿಗೆ 400 ಮೈಕ್ರೋಗ್ರಾಂ ಆಂಪೂಲನ್ನ ಸಲೈನಲ್ಲಿ 10 ಎಂಎಲ್ ಮಾಡಿ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕೊಡೋದು, ಒಂದೇ ಸಲ ತಳ್ಳಿದ್ರೆ ನೋವೆಲ್ಲ ಒಟ್ಟಿಗೆ ವಾಪಸ್ ಬರುತ್ತೆ. ಮತ್ತೆ ಅದರ ಕೆಲಸ ಮಾರ್ಫಿನ್‌ಗಿಂತ ಬೇಗ ಮುಗಿಯುತ್ತೆ, ಉಸಿರು ಸರಿ ಆಯ್ತು ಅಂತ ಎದ್ದು ಹೋಗಬೇಡ.

ಪ್ರಶ್ನೆ: ಫೆಂಟಾನಿಲ್ ಪ್ಯಾಚ್ (ನೋವಿಗೆ ಚರ್ಮದ ಮೇಲೆ ಅಂಟಿಸೋ ಔಷಧಿ ಪಟ್ಟಿ) ಅರ್ಧ ಕತ್ತರಿಸಿ ಹಚ್ಚಬಹುದಾ? ಅದರ ಮೇಲೆ ಬಿಸಿನೀರಿನ ಚೀಲ ಇಟ್ರೆ ಬೇಗ ಹಿಡಿಯುತ್ತಾ? (ಹೊನ್ನಾವರ)

ಎರಡೂ ಮಾಡಬಾರದು. ಬಿಸಿ ತಾಗಿದ್ರೆ ಔಷಧಿ ಜಾಸ್ತಿ ಒಳಗೆ ಹೋಗಿ ಜೀವಕ್ಕೇ ಅಪಾಯ, ಜ್ವರ ಬಂದ್ರೂ ಡಾಕ್ಟರಿಗೆ ಹೇಳಿ. 72 ತಾಸಿಗೆ ಹಳೇದು ಕಿತ್ತು, ಹೊಸದು ಬೇರೆ ಜಾಗಕ್ಕೆ.

ಪ್ರಶ್ನೆ: ಆಯಿಗೆ ಮಂಡಿನೋವು, ಅಪ್ಪನಿಗೆ ಕೊಟ್ಟಿದ್ದ ಟ್ರಮಡಾಲ್ ನೋವಿನ ಮಾತ್ರೆ ಮಿಕ್ಕಿದೆ, ಕೊಡ್ಲಾ? (ಶಿರಸಿ)

ಬೇಡ.

ಪ್ರಶ್ನೆ: ಮಾರ್ಫಿನ್ ಎಲ್ಲಾ ಮೆಡಿಕಲ್ ಶಾಪಲ್ಲೂ ಯಾಕೆ ಸಿಗಲ್ಲ? ಮಿಕ್ಕಿದ್ದನ್ನ ಏನು ಮಾಡೋದು? (ಜೋಯಿಡಾ)

ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಕೆಳಗೆ ಬರೋ ಔಷಧಿ. 2014ರಲ್ಲಿ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ತರಿಸಿ ಇಟ್ಕೊಳ್ಳೋದು ಸುಲಭ ಆಗಿದೆ, ಆದ್ರೂ ಊರೂರಲ್ಲಿ ಸಿಗಲ್ಲ. ಅದಕ್ಕೆ ಕೊನೇ ಸ್ಟ್ರಿಪ್ ತನಕ ಕಾಯಬೇಡಿ. 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ನೆನಪಿದೆಯಲ್ಲ, ಮಳೆಗಾಲ ಶುರುವಾಗೋ ಮೊದಲೇ ಡಾಕ್ಟರ್ ಹತ್ರ ಮಾತಾಡಿ ಒಂದು ವಾರದ್ದು ಜಾಸ್ತಿ ಬರೆಸ್ಕೊಳ್ಳಿ. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ, ಬೀಗದ ಕೈ ಯಾರ ಹತ್ರ ಇದೆ ಅಂತ ರಾತ್ರಿ ಪೇಶಂಟ್ ಹತ್ರ ಮಲಗೋರಿಗೆ ಗೊತ್ತಿರಲಿ. ಪಕ್ಕದ ಮನೆಯವರಿಗೆ ಒಂದು ಮಾತ್ರೆನೂ ಕೊಡಬೇಡಿ. ಪೇಶಂಟ್ ತೀರಿಕೊಂಡ ಮೇಲೆ ಮಿಕ್ಕಿದ್ದನ್ನ ಎಣಿಸಿ, ಎಷ್ಟು ಅಂತ ಅದೇ ನೋಟ್‌ಬುಕ್ಕಲ್ಲಿ ಬರೆದು, ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡಿ.