ತತ್ವಪದಗಳ (ಅನುಭಾವಿಗಳು ಕಟ್ಟಿದ ಹಾಡುಗಳ) ಹೊಸ ಆಲ್ಬಂ ಚೆನ್ನಾಗಿದೆಯೇ ಇಲ್ಲವೇ ಎಂದು ಅಳೆಯುವುದು ಹೇಗೆ?
ವೀಕ್ಷಣೆಯ ಸಂಖ್ಯೆಯನ್ನು ಬದಿಗಿಟ್ಟು ಹಾಡಿನೊಳಗಿನ ಬಿಡುವನ್ನು ಕೇಳಿಸಿಕೊಳ್ಳಿ. ನಮ್ಮ ಕಲಬುರಗಿ ಸೀಮೆಯಲ್ಲಿ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ), ತಾಳದೊಂದಿಗೆ ಭಜನೆಯಲ್ಲಿ ಹಾಡುತ್ತಾರೆ. ಒಬ್ಬರು ಸಾಲು ಎತ್ತುತ್ತಾರೆ, ಮೇಳದವರು ಹಿಡಿಯುತ್ತಾರೆ. ನಡುವಿನ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಮಾತಿನ ಅರ್ಥ ಒಳಗಿಳಿಯುತ್ತದೆ. ಹಲವು ಹೊಸ ಆಲ್ಬಂಗಳ ಮೇಲೆ ನನ್ನ ತಕರಾರು ಇದೇ: ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಆ ಬಿಡುವನ್ನೇ ತುಂಬಿಬಿಡುತ್ತವೆ. 1997ರಲ್ಲಿ ಬಂದ ಆಟೋ-ಟ್ಯೂನ್ ಎಂಬ ತಂತ್ರಾಂಶ ದನಿಯನ್ನು ಹತ್ತಿರದ ಸ್ವರಕ್ಕೆ ಎಳೆದು ನಿಲ್ಲಿಸುತ್ತದೆ. ಬಳಕೆ ಅತಿಯಾದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸತ್ತೇ ಹೋಗುತ್ತದೆ. ಹೊಸ ವಾದ್ಯ ತಪ್ಪಲ್ಲ, ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಆದರೆ ಪದದ ಮಾತುಗಳೇ ಬಿಡಿಸಿ ಕೇಳದಿದ್ದರೆ, ಅಂಥ ಆಲ್ಬಂ ಕೇಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.